ಓಪನ್, ಸ್ಕ್ವೇರ್, ಕ್ಲೋಸ್ಡ್: ಗಾಲ್ಫ್‌ನಲ್ಲಿ ಯಾವ ಹೊಡೆತಕ್ಕೆ ಹೇಗೆ ನಿಲ್ಲಬೇಕು?

ಇದನ್ನು ಬಲಗೈ ಆಟಗಾರರ ಲೆಕ್ಕದಲ್ಲಿ ಬರೆದಿದ್ದೇನೆ. ಎಡಗೈಯವರು ಎಡ ಬಲ ಅದಲು ಬದಲು ಮಾಡಿಕೊಂಡು ಓದಿ.

ಎರಡೂ ಪಾದಗಳ ಬೆರಳ ತುದಿಗೆ ತಾಗುವ ಹಾಗೆ ನೆಲದ ಮೇಲೆ ಒಂದು ಕೋಲು ಇಡಿ. ಕೋಲು ಗುರಿಯ ಗೆರೆಗೆ (ಬಾಲ್‌ನಿಂದ ಗುರಿಗೆ ಎಳೆದಂತೆ ಊಹಿಸಿಕೊಳ್ಳುವ ಗೆರೆ) ಸಮಾನಾಂತರವಾಗಿದ್ದರೆ ಸ್ಕ್ವೇರ್. ಎಡಗಾಲು ಹಿಂದೆ ಸರಿದು ಕೋಲು ಗುರಿಯ ಎಡಕ್ಕೆ ತಿರುಗಿದರೆ ಓಪನ್. ಬಲಗಾಲು ಹಿಂದೆ ಸರಿದರೆ ಕ್ಲೋಸ್ಡ್. ಕ್ರಿಕೆಟ್‌ನಲ್ಲಿ ವೆಸ್ಟ್ ಇಂಡೀಸ್‌ನ ಚಂದ್ರಪಾಲ್ ಎದೆ ತೋರಿಸಿಕೊಂಡು ನಿಲ್ಲುತ್ತಿದ್ದರಲ್ವಾ, ಅದು ಓಪನ್. ಆದರೆ ಬೌಲರ್ ಚೆಂಡು ಹಾಕುವಷ್ಟರಲ್ಲಿ ಅವರು ಸರಿದು ಮಾಮೂಲಿ ಜಾಗಕ್ಕೆ ಬಂದುಬಿಡುತ್ತಿದ್ದರು. ನಮಗೆ ಆ ಅನುಕೂಲ ಇಲ್ಲ. ಹೇಗೆ ನಿಂತೆವೋ ಹಾಗೇ ಹೊಡೆಯಬೇಕು.

ದೂರಕ್ಕೆ ಹೊಡೆಯುವ ಡ್ರೈವರ್, ಮಧ್ಯಮ ದೂರದ 7 ಐರನ್, ಮರಳಿಂದ ಬಾಲ್ ಎತ್ತುವ ಸ್ಯಾಂಡ್ ವೆಜ್, ಈ ಮೂರೂ ಕ್ಲಬ್‌ಗಳಲ್ಲಿ (ಬಾಲ್ ಹೊಡೆಯುವ ದಾಂಡು) ಮೂರು ಸ್ಟಾನ್ಸನ್ನೂ, ಅಂದರೆ ನಿಲ್ಲುವ ಭಂಗಿಯನ್ನೂ, ಹಾಕಿ ನೋಡಿದೆ. ಮೊದಲೇ ಗೊತ್ತಾದದ್ದು ಏನೆಂದರೆ, ಓಪನ್ ಸ್ಟಾನ್ಸ್ ಒಂದಲ್ಲ, ಎರಡು. ಒಂದರಲ್ಲಿ ಪಾದ, ಸೊಂಟ, ಭುಜ ಎಲ್ಲವೂ ಎಡಕ್ಕೆ ತಿರುಗಿರುತ್ತವೆ. ಇನ್ನೊಂದರಲ್ಲಿ ಎಡಗಾಲು ಮಾತ್ರ ಸ್ವಲ್ಪ ಹಿಂದೆ, ಭುಜ ಗುರಿಯ ಗೆರೆಗೆ ಸಮಾನಾಂತರ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಬಾಲ್ ಮಾತ್ರ ಬೇರೆ ಬೇರೆ ಕಡೆ ಹೋಗುತ್ತದೆ.

ಡ್ರೈವರ್‌ನಿಂದ ಶುರು ಮಾಡೋಣ. ಬಾಲ್ ಹೊರಡುವ ದಿಕ್ಕನ್ನು ಹೆಚ್ಚಾಗಿ ಕ್ಲಬ್‌ಫೇಸ್, ಅಂದರೆ ಬಾಲ್‌ಗೆ ತಾಗುವ ಕ್ಲಬ್‌ನ ಮುಖ, ತೀರ್ಮಾನಿಸುತ್ತದೆ. ಅದು ಗಾಳಿಯಲ್ಲಿ ಎಷ್ಟು ಬಾಗುತ್ತದೆ ಅನ್ನುವುದು ಕ್ಲಬ್ ಬಂದ ದಾರಿಗೂ ಫೇಸಿಗೂ ಇರುವ ಅಂತರದ ಮೇಲೆ ನಿಂತಿದೆ. ಮೈಯೆಲ್ಲ ಎಡಕ್ಕೆ ತಿರುಗಿದರೆ ಕ್ಲಬ್ ಹೊರಗಿನಿಂದ ಒಳಕ್ಕೆ, ಅಂದರೆ ಗುರಿಯ ಗೆರೆಗೆ ಅಡ್ಡವಾಗಿ ಎಡಕ್ಕೆ, ಬರುತ್ತದೆ. ಫೇಸ್ ಗುರಿಯ ಕಡೆಗಿದ್ದರೆ ಬಾಲ್ ಬಲಕ್ಕೆ ಬಾಗುತ್ತದೆ, ಬೇಕೆಂದೇ ಹೀಗೆ ಸ್ವಲ್ಪ ಬಾಗಿಸಿದರೆ ಅದು ಫೇಡ್. ಫೇಸೂ ಎಡಕ್ಕೆ ತಿರುಗಿದ್ದರೆ ಬಾಲ್ ಸೀದಾ ಎಡಗಡೆಯ ಮರಗಳಿಗೆ. ನನಗೆ ಎರಡೂ ಆಯಿತು. ಫೇಡ್ ಚೆನ್ನಾಗಿ ಬಿದ್ದಾಗಲೂ ಸ್ಕ್ವೇರ್‌ಗಿಂತ ದೂರ ಕಡಿಮೆ. ಬ್ಯಾಕ್‌ಸ್ವಿಂಗ್‌ನಲ್ಲಿ ಮೈ ಪೂರ್ತಿ ತಿರುಗುವುದಿಲ್ಲ. ಬಾಲ್ ಎತ್ತರಕ್ಕೆ ಹೋಗಿ ಬಿದ್ದಲ್ಲೇ ನಿಲ್ಲುತ್ತದೆ, ಉರುಳುವುದು ಕಡಿಮೆ. ಎದುರು ಗಾಳಿ ಇದ್ದರಂತೂ ಕೇಳಲೇಬೇಡಿ.

ಹಾಗಂತ ಈ ಸ್ಟಾನ್ಸ್ ಕೆಲಸಕ್ಕೆ ಬಾರದು ಅನ್ನುವ ಹಾಗಿಲ್ಲ. ಅಮೆರಿಕದ ಗಾಲ್ಫರ್ ಲೀ ಟ್ರೆವಿನೊ ಮೈಯೆಲ್ಲ ಎಡಕ್ಕೆ ತಿರುಗಿಸಿ ನಿಂತು ಫೇಡ್ ಹೊಡೆದೇ 1971ರಲ್ಲಿ ಯುಎಸ್ ಓಪನ್, ಕೆನಡಿಯನ್ ಓಪನ್, ಬ್ರಿಟಿಷ್ ಓಪನ್ ಮೂರನ್ನೂ ಒಂದು ತಿಂಗಳೊಳಗೆ ಗೆದ್ದರು. ದಕ್ಷಿಣ ಆಫ್ರಿಕಾದ ಬಾಬಿ ಲಾಕ್ ಇದಕ್ಕೆ ಪೂರ್ತಿ ಉಲ್ಟಾ. ಕ್ಲೋಸ್ಡ್ ಆಗಿ ನಿಂತು, ಬಲಕ್ಕೆ ಗುರಿಯಿಟ್ಟು, ಬಾಲನ್ನು ಎಡಕ್ಕೆ ಬಾಗಿಸುತ್ತಿದ್ದರು. 1949, 1950, 1952, 1957ರಲ್ಲಿ ಬ್ರಿಟಿಷ್ ಓಪನ್ ಅವರದೇ. ಇಬ್ಬರಿಗೂ ತಮ್ಮ ಬಾಲ್ ಯಾವ ಕಡೆ ಬಾಗುತ್ತದೆ ಅಂತ ಖಚಿತವಾಗಿ ಗೊತ್ತಿತ್ತು. ನಮ್ಮಂಥ ವಾರಾಂತ್ಯದ ಆಟಗಾರರಿಗೆ ಗೊತ್ತಿಲ್ಲದ್ದೇ ಅದು.

ಸ್ಲೈಸ್ (ಬೇಡದೆಯೂ ಬಾಲ್ ಜೋರಾಗಿ ಬಲಕ್ಕೆ ಬಾಗುವುದು) ಕಾಟ ಇರುವವರಿಗೆ ಒಂದು ಮಾತು. ಬಾಲ್ ಬಲಕ್ಕೆ ಹೋಗುತ್ತದೆ ಅಂತ ಎಡಕ್ಕೆ ತಿರುಗಿ ನಿಲ್ಲುತ್ತೀರಿ. ಅದರಿಂದ ಕ್ಲಬ್ ಇನ್ನಷ್ಟು ಅಡ್ಡ ಬರುತ್ತದೆ, ಬಾಲ್ ಇನ್ನಷ್ಟು ಬಲಕ್ಕೆ ಹೋಗುತ್ತದೆ. ಮುಂದಿನ ಹೋಲ್‌ನಲ್ಲಿ ಇನ್ನೂ ಎಡಕ್ಕೆ ತಿರುಗುತ್ತೀರಿ. ಇಂಥವರು ಓಪನ್ ಸ್ಟಾನ್ಸ್ ಸಹವಾಸಕ್ಕೇ ಹೋಗಬಾರದು. ಸ್ವಲ್ಪ ದಿನ ಕ್ಲೋಸ್ಡ್ ಆಗಿ ನಿಂತು ಅಭ್ಯಾಸ ಮಾಡುವುದು ವಾಸಿ.

7 ಐರನ್‌ಗೆ ಜಾಸ್ತಿ ಹೇಳುವುದಿಲ್ಲ. ಸ್ಕ್ವೇರ್ ಸಾಕು. ಫಾಲೋ ಥ್ರೂನಲ್ಲಿ ಸೊಂಟ ಬಿಗಿ ಅನ್ನಿಸುವವರು ಸ್ಟಾನ್ಸ್ ಓಪನ್ ಮಾಡುವ ಬದಲು ಎಡಪಾದದ ತುದಿಯನ್ನು ಮಾತ್ರ 20-25 ಡಿಗ್ರಿ ಹೊರಕ್ಕೆ ತಿರುಗಿಸಿ ನೋಡಿ. ಅಮೆರಿಕದ ಹಳೆಯ ಗಾಲ್ಫರ್ ಬೆನ್ ಹೋಗನ್ ಹೇಳಿಕೊಟ್ಟದ್ದೂ ಹೀಗೇ: ಬಲಪಾದ ನೇರ, ಎಡಪಾದ ಸ್ವಲ್ಪ ಹೊರಕ್ಕೆ. ಗೆರೆ ಕೆಡುವುದಿಲ್ಲ, ಸೊಂಟಕ್ಕೂ ಜಾಗ ಸಿಗುತ್ತದೆ.

ಓಪನ್ ಸ್ಟಾನ್ಸ್ ನಿಜವಾಗಿ ಗೆದ್ದದ್ದು ಗ್ರೀನ್ (ಕುಳಿ ಇರುವ, ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಹತ್ತಿರ. ನಲವತ್ತು ಯಾರ್ಡ್ ಪಿಚ್, ಅಂದರೆ ಬಾಲನ್ನು ಎತ್ತಿ ಗ್ರೀನ್ ಮೇಲೆ ಇಳಿಸುವ ಚಿಕ್ಕ ಹೊಡೆತ, ತಗೊಳ್ಳಿ. ಸ್ವಿಂಗ್ ಚಿಕ್ಕದು, ಸೊಂಟ ತಿರುಗುವುದಕ್ಕೆ ಹೊತ್ತೇ ಇಲ್ಲ. ಸ್ಕ್ವೇರ್ ಆಗಿ ನಿಂತರೆ ಸೊಂಟ ಅಲ್ಲೇ ನಿಂತುಬಿಡುತ್ತದೆ, ಕೈ ಮುಂದೆ ಓಡುತ್ತದೆ. ಒಂದು ಸಲ ಬಾಲ್‌ಗೆ ಮೊದಲು ನೆಲ, ಇನ್ನೊಂದು ಸಲ ಬಾಲ್‌ನ ನೆತ್ತಿ. ಇಲ್ಲಿ ಎರಡನೇ ಬಗೆಯ ಓಪನ್ ಬೇಕು. ಪಾದಗಳು ಹತ್ತಿರ ಹತ್ತಿರ, ಎಡಗಾಲು ಎರಡು ಮೂರು ಇಂಚು ಹಿಂದೆ, ಭಾರ ಎಡಗಾಲ ಮೇಲೆ, ಭುಜ ಮಾತ್ರ ನೇರ. ಸೊಂಟವನ್ನು ಮೊದಲೇ ಅರ್ಧ ತಿರುಗಿಸಿ ಇಟ್ಟ ಹಾಗಾಯಿತು. ಭುಜವನ್ನೂ ತಿರುಗಿಸಿದರೆ ಬಾಲ್ ಎಡಕ್ಕೆ ಎಳೆದುಕೊಂಡು ಹೋಗುತ್ತದೆ. ಕ್ಲೋಸ್ಡ್ ಇಲ್ಲಿ ಲೆಕ್ಕಕ್ಕೇ ಇಲ್ಲ.

ಬಂಕರ್‌ನಲ್ಲಿ (ಮರಳು ಗುಂಡಿ) ಮೊದಲನೇ ಬಗೆ, ಅಂದರೆ ಮೈಯೆಲ್ಲ ಎಡಕ್ಕೆ. ಫೇಸನ್ನು ಮೊದಲು ತೆರೆದು (ಬಲಕ್ಕೆ ತಿರುಗಿಸಿ), ಆಮೇಲೆ ಗ್ರಿಪ್ ಹಿಡಿಯಬೇಕು. ಹಿಡಿದ ಮೇಲೆ ಕೈ ತಿರುಗಿಸಿ ತೆರೆದರೆ ಹೊಡೆಯುವ ಹೊತ್ತಿಗೆ ಅದು ಮತ್ತೆ ಮುಚ್ಚಿಕೊಳ್ಳುತ್ತದೆ. ಸ್ವಿಂಗ್ ಪಾದದ ಗೆರೆಯಲ್ಲಿ, ಹೊಡೆತ ಬಾಲ್‌ನ ಹಿಂದೆ ಎರಡು ಇಂಚು ದೂರದ ಮರಳಿಗೆ. ಒಣ ಮರಳಲ್ಲಿ ಬಾಲ್ ಮೆತ್ತಗೆ ಎದ್ದು ಕೂರುತ್ತದೆ. ಆದರೆ ಬೆಂಗಳೂರಲ್ಲಿ ಸಂಜೆ ಮಳೆ ಬಂದು ಮಾರನೇ ಬೆಳಗ್ಗೆ ಆಡುವಾಗ ಮರಳು ಗಟ್ಟಿಯಾಗಿರುತ್ತದೆ. ತೆರೆದ ಫೇಸಿನ ತಳ ಅದರ ಮೇಲೆ ಪುಟಿದು ಸೀದಾ ಬಾಲ್‌ನ ಹೊಟ್ಟೆಗೆ ಬಡಿಯುತ್ತದೆ, ಬಾಲ್ ಗ್ರೀನ್ ದಾಟಿ ಆ ಕಡೆ. ಒದ್ದೆ ಮರಳಿಗೆ ಸ್ಕ್ವೇರ್‌ಗೆ ಹತ್ತಿರದ ಸ್ಟಾನ್ಸ್, ಕಡಿಮೆ ತೆರೆದ ಫೇಸ್ ನನಗೆ ಚೆನ್ನಾಗಿ ಕೆಲಸ ಮಾಡಿತು. ಉದ್ದದ ಬಂಕರ್ ಶಾಟ್‌ಗೂ ಅಷ್ಟೇ.

ಪಟಿಂಗ್‌ನಲ್ಲಿ, ಅಂದರೆ ಗ್ರೀನ್ ಮೇಲೆ ಬಾಲ್ ಉರುಳಿಸಿ ಕುಳಿಗೆ (ಕಪ್) ಹಾಕುವಾಗ, ಅಮೆರಿಕದ ಗಾಲ್ಫರ್ ಜ್ಯಾಕ್ ನಿಕ್ಲಾಸ್ ಓಪನ್ ಆಗಿ, ಚೆನ್ನಾಗಿ ಬಗ್ಗಿ ನಿಲ್ಲುತ್ತಿದ್ದರು. ಹಾಗೆ ನಿಂತರೆ ಗೆರೆ ಚೆನ್ನಾಗಿ ಕಾಣುತ್ತದೆ, ಅದು ನಿಜ. ಉದ್ದದ ಪಟ್‌ಗಳಲ್ಲಿ ನನಗೆ ದೂರದ ಅಂದಾಜು ಸುಧಾರಿಸಿತು. ನಾಲ್ಕು ಅಡಿಯ ಪಟ್‌ಗಳು ಮಾತ್ರ ಕಪ್‌ನ ಎಡ ಅಂಚನ್ನು ಸವರಿಕೊಂಡು ಹೋಗತೊಡಗಿದವು. ಹಾಗಾಗಿ ಈಗ ಉದ್ದದ್ದಕ್ಕೆ ಓಪನ್, ಗಿಡ್ಡದ್ದಕ್ಕೆ ಸ್ಕ್ವೇರ್. ಜೊತೆಗೆ ಆಡುವವರು ನಗುತ್ತಾರೆ, ನಗಲಿ ಬಿಡಿ.