ಹಲಸಿನ ಮೇಣ ತೆಗೆಸಲು ಹೋಗಿ ಕಾರಿನ ಬಣ್ಣ ಕಳೆದುಕೊಂಡೆ: ಯಾರಿಗೂ ಥಿನ್ನರ್ ಹಾಕಲು ಬಿಡಬೇಡಿ

ಕಾರಿನ ಮೇಲೆ ಮರದ ಅಂಟು ಬಿದ್ದಿದ್ದರೆ ಅದನ್ನು ತೆಗೆಸಲು ಅವಸರದಲ್ಲಿ ಅಂಗಡಿಗೆ ಹೋಗಬೇಡಿ. ಹೋದರೂ ಕಾರನ್ನು ಅವರ ಕೈಗೆ ಕೊಟ್ಟು ಚಹಾ ಕುಡಿಯಲು ಹೊರಡಬೇಡಿ. ನಾನು ಹೊರಟೆ. ಆ ಮುಕ್ಕಾಲು ಗಂಟೆಯಲ್ಲಿ ಆರು ವರ್ಷ ಜೋಪಾನ ಮಾಡಿದ ಬಣ್ಣ ಹಾಳಾಯಿತು, ಹಾಳು ಮಾಡಿದವರಿಗೆ ನಾನೇ 2,800 ರೂಪಾಯಿ ಎಣಿಸಿ ಕೊಟ್ಟು ಬಂದೆ.

ಮೇ ತಿಂಗಳಲ್ಲಿ ಶಿರಸಿ ಸಮೀಪದ ನನ್ನ ಹೆಂಡತಿಯ ತವರಿಗೆ ಹೋಗಿದ್ದೆವು. ಹಪ್ಪಳ ಮಾಡುವ ದಿನಗಳಾದ್ದರಿಂದ ಅಂಗಳದ ಅಂಚಿನ ಮರದಿಂದ ಹಲಸಿನಕಾಯಿ ಇಳಿಸುತ್ತಿದ್ದರು. ಕೊಯ್ದ ತೊಟ್ಟುಗಳಿಂದ ಸುರಿದ ಮೇಣ ಕೆಳಗೆ ನಿಂತಿದ್ದ ನಮ್ಮ ಕಡುನೀಲಿ ಕಾರಿನ ಬಾನೆಟ್, ಟಾಪ್ ಮತ್ತು ಬಲಗಡೆಯ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಮೇಲೆ ಹತ್ತು ಹನ್ನೆರಡು ಕಡೆ ಬಿದ್ದಿದ್ದನ್ನು ನಾನು ಗಮನಿಸಿದ್ದು ಎರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ಅದು ಬಿಸಿಲಿಗೆ ಒಣಗಿ, ಕಂದು ಬಣ್ಣಕ್ಕೆ ತಿರುಗಿ, ರಬ್ಬರಿನಂತೆ ಹಿಡಿದು ಕೂತಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಬಿಡುತ್ತದೆ ಎಂದು ಅತ್ತೆಯವರು ಹೇಳಿದರು. ಹಲಸು ಬಿಡಿಸುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುವ ಮನೆಯವರ ಮಾತು ಅದು. ಕಾರಿನ ಬಣ್ಣದ ಮೇಲೆ ಎಣ್ಣೆ ಏಕೆ, ಈ ಕೆಲಸ ಬಲ್ಲವರ ಕೈಯಲ್ಲೇ ಮಾಡಿಸೋಣ ಎಂದು ನಾನೇ ಬೇಡವೆಂದೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಹುಬ್ಬಳ್ಳಿಗೆ ಮರಳಿದ ಮರುದಿನ ಕಾರು ತೊಳೆದು ಪಾಲಿಶ್ ಮಾಡಿಕೊಡುವ ಒಂದು ಡೀಟೇಲಿಂಗ್ ಅಂಗಡಿಗೆ ಹೋದೆ. ಹೊರಗೆ ದೊಡ್ಡ ಬೋರ್ಡು, ಒಳಗೆ ಬಿಳಿ ದೀಪಗಳ ಸಾಲು, ಗೋಡೆಯ ಮೇಲೆ ದುಬಾರಿ ಕಾರುಗಳ ಚಿತ್ರಗಳು. ಮಾಲೀಕನು ಬೆರಳಿನಿಂದ ಮೇಣವನ್ನು ಮುಟ್ಟಿ ನೋಡಿ, "ಇದೇನ್ ದೊಡ್ಡದಲ್ರಿ ಸರ್, ಅರ್ಧಾ ತಾಸಿನ್ಯಾಗ ತಗದ ಕೊಡ್ತೀವಿ, ಚಾ ಕುಡದ ಬರ್ರಿ" ಎಂದನು. 1,500 ರೂಪಾಯಿ ಎಂದು ಮಾತಾಯಿತು. ಬಲ ಫೆಂಡರ್‌ಗೆ ಎರಡು ವರ್ಷದ ಹಿಂದೆ ಬೈಕ್ ತಾಗಿ ಗ್ಯಾರೇಜಿನಲ್ಲಿ ಮರುಬಣ್ಣವಾಗಿದೆ, ಅಲ್ಲಿ ಜಾಗ್ರತೆ ಇರಲಿ ಎಂದು ನಾನು ಸ್ಪಷ್ಟವಾಗಿ ಹೇಳಿದ್ದೆ. ಹೇಳಿದ್ದೆ ಎಂಬುದನ್ನು ಮತ್ತೆ ಬರೆಯುತ್ತಿದ್ದೇನೆ, ಏಕೆಂದರೆ ಆಮೇಲೆ ಆತ ಅದನ್ನೇ ನನ್ನ ವಿರುದ್ಧ ತಿರುಗಿಸಿದನು.

ನಾನು ಹಿಂತಿರುಗಿದಾಗ ಕಾರು ನೆರಳಿನಲ್ಲಿ, ಆ ದೀಪಗಳ ಕೆಳಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮೇಣದ ಒಂದು ಚುಕ್ಕೆಯೂ ಕಾಣಲಿಲ್ಲ. ಗಾಳಿಯಲ್ಲಿ ಬಣ್ಣ ಕರಗಿಸುವ ಥಿನ್ನರ್ ವಾಸನೆ ಇತ್ತು, ಕೇಳಿದ್ದಕ್ಕೆ "ಬಾಜೂ ಕೆಲಸದ್ದ್ರಿ" ಎಂಬ ಉತ್ತರ ಬಂತು. ಪಾಲಿಶ್ ಮಾಡದೆ ಕಲೆ ಹೋಗುವಂತಿರಲಿಲ್ಲ ಎಂದು 1,300 ರೂಪಾಯಿ ಹೆಚ್ಚಿಗೆ ಕೇಳಿದರು. ಹೊಳಪು ನೋಡಿ ಮನಸ್ಸು ತುಂಬಿದ್ದರಿಂದ ಕೊಟ್ಟೆ. ಬಿಲ್ಲಿನಲ್ಲಿ "ಕ್ಲೀನಿಂಗ್" ಎಂಬ ಒಂದೇ ಪದವಿತ್ತು.

ನಾಲ್ಕನೆಯ ದಿನ ಮನೆಯ ಮುಂದೆ ಶಾಂಪೂ ಹಾಕಿ ತೊಳೆದು, ಒರೆಸಿ, ಬಿಸಿಲಿಗೆ ನಿಲ್ಲಿಸಿದೆ. ಮೋಸ ಹೋಗಿದ್ದು ಆಗ ತಿಳಿಯಿತು. ಮೇಣ ಇದ್ದ ಪ್ರತಿಯೊಂದು ಜಾಗದ ಸುತ್ತ ಅಂಗೈಯಗಲ ಮಂಜು ಕವಿದಂತೆ ಬಣ್ಣ ಮಾಸಿತ್ತು. ಬಾನೆಟ್ ತುಂಬ ಮಷಿನ್ ತಿರುಗಿದ ಸುರುಳಿ ಗೆರೆಗಳಿದ್ದವು. ಫೆಂಡರ್ ಮೇಲಂತೂ ಒರಟಾದ ಹಳದಿ ತೇಪೆಯೇ ಎದ್ದಿತ್ತು. ಗೆರೆಗಳ ಸಂದಿಯಲ್ಲಿ ತುಂಬಿ ಅವುಗಳನ್ನು ಮರೆಸುವ ಎಣ್ಣೆಯಂಥ ಪಾಲಿಶನ್ನು ಮೇಲೆ ಸವರಿ ಕೊಟ್ಟಿದ್ದರು, ಮೊದಲ ತೊಳೆತಕ್ಕೆ ಅದು ಹೋಯಿತು. ನಾನು ಹಣ ಕೊಟ್ಟು, ಧನ್ಯವಾದ ಹೇಳಿ ಬಂದದ್ದು ಆ ಸವರಿಕೆಗೆ.

ಅಂಗಡಿಯವರಿಗೆ ಫೋಟೋ ಕಳಿಸಿದೆ. ಮೊದಲ ಉತ್ತರ: "ಸರ್, ಅದು ಮೊದಲೇ ಇತ್ತು." ಶಿರಸಿಯ ಅಂಗಳದಲ್ಲಿ ಮಗಳು ತೆಗೆದಿದ್ದ ಚಿತ್ರವನ್ನು ಕಳಿಸಿದೆ, ಅದರಲ್ಲಿ ಮೇಣದ ಸುತ್ತಲಿನ ಬಣ್ಣ ಶುದ್ಧವಾಗಿತ್ತು. ಎರಡನೆಯ ಉತ್ತರ: "ಮೇಣ ಪೇಂಟ್ ತಿಂದದ್ರಿ, ನಾವೇನ್ ಮಾಡೋಣು." ತಿಂದಿದ್ದರೆ ಬಿದ್ದ ಜಾಗದಲ್ಲಿ ಮಾತ್ರ ಗುರುತಿರಬೇಕು, ಅಂಗೈಯಗಲ ಏಕೆ, ಮೇಣವು ದುಂಡಗೆ ಗೆರೆ ಎಳೆಯುತ್ತದೆಯೇ ಎಂದು ಕೇಳಿದೆ. ಮೂರನೆಯ ಉತ್ತರ ಬರಲು ಎರಡು ದಿನ ಬೇಕಾಯಿತು: "ನಿಮ್ಮ ಫೆಂಡರ್ ಡೂಪ್ಲಿಕೇಟ್ ಪೇಂಟ್ ಸರ್, ನೀವು ಹೇಳಬೇಕಿತ್ತು." ಈ ಉತ್ತರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನಾನು ಹೇಳಿದ್ದೆ. ಅವರ ಕೌಂಟರಿನ ಮುಂದೆ ನಿಂತು, ಫೆಂಡರ್ ಮೇಲೆ ಕೈಯಿಟ್ಟು ತೋರಿಸಿ ಹೇಳಿದ್ದೆ.

ಬೇರೊಂದು ಗ್ಯಾರೇಜಿನ ಹಿರಿಯ ಪೇಂಟರ್ ಮೀಟರ್ ಇಟ್ಟು ಅಳೆದರು. ಯಾರೂ ಮುಟ್ಟದ ಬಾಗಿಲಿನ ಮೇಲೆ ಒಟ್ಟು ಬಣ್ಣದ ದಪ್ಪ 115 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇತ್ತು, ಬಾನೆಟ್ಟಿನ ಅಂಚಿನಲ್ಲಿ 75. ಕಾರ್ಖಾನೆಯ ಬಣ್ಣದಲ್ಲಿ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಇರುತ್ತದೆ. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಅದೇ. ನನ್ನ ಬಾನೆಟ್ಟಿನ ಅಂಚಿನಲ್ಲಿ ಬಹುಪಾಲು ಅದೇ ಉಜ್ಜಿ ಹೋಗಿದೆ. ಫೆಂಡರ್ ಏಕೆ ಹಾಗಾಯಿತು ಎಂಬುದನ್ನೂ ಅವರೇ ತಿಳಿಸಿದರು. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ, ಗ್ಯಾರೇಜಿನ ಬೂತಿನಲ್ಲಿ, ಅಂದರೆ ಬಣ್ಣ ಹೊಡೆಯುವ ಕೋಣೆಯಲ್ಲಿ, 60 ಡಿಗ್ರಿಯ ಆಸುಪಾಸು, ಕೆಲವೆಡೆ ಗಾಳಿಗೇ ಒಣಗಿಸುತ್ತಾರೆ. ಆದ್ದರಿಂದ ಮರುಬಣ್ಣ ಥಿನ್ನರಿಗೆ ಬೇಗ ಮೆತ್ತಗಾಗುತ್ತದೆ, ಮೆತ್ತಗಾದ ಮೇಲೆ ಉಣ್ಣೆಯ ಪ್ಯಾಡ್ ಹಾಕಿ ಮಷಿನ್ ತಿರುಗಿಸಿದರೆ ಕಿತ್ತು ಬರುತ್ತದೆ.

ಹಿಂದಿನ ಬಾಗಿಲಿನ ಕೆಳಗೆ ಅಂಗಡಿಯವರ ಕಣ್ಣಿಗೆ ಬೀಳದ ಒಂದು ಹನಿ ಮೇಣ ಉಳಿದಿತ್ತು. ಅದರ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟು ಅರ್ಧ ಗಂಟೆ ಬಿಟ್ಟೆ, ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಸರಿಸಿದೆ. ಪೂರ್ತಿ ಬಂತು. ಕೆಳಗೆ ಬಣ್ಣ ಹೊಸದರಂತೆ ಇತ್ತು. ಅದರ ಮುಂದೆ ಕೂತು ಎಷ್ಟು ಸಂಕಟಪಟ್ಟೆ ಎಂದು ಬರೆಯಲಾರೆ.

ನಿಮಗೆ ಹೇಳುವುದಿಷ್ಟು. ಮೊದಲು ಧೂಳನ್ನು ತೊಳೆಯಿರಿ, ಇಲ್ಲದಿದ್ದರೆ ಒರೆಸುವಾಗ ಧೂಳೇ ಗೀರುತ್ತದೆ. ಕಾರು ನೆರಳಿನಲ್ಲಿ, ಬಾನೆಟ್ ತಣ್ಣಗೆ ಇರಲಿ. ಹಲಸಿನ ಮೇಣಕ್ಕೆ ಎಣ್ಣೆ ಹಚ್ಚಿ ನೆನೆಸಿ, ಆಮೇಲೆ ಶಾಂಪೂ ಹಾಕಿ ಎಣ್ಣೆಯನ್ನು ತೆಗೆಯಿರಿ. ಮಾವು ಹೂಬಿಟ್ಟಾಗ ಮರದ ಕೆಳಗೆ ನಿಂತ ಕಾರಿಗೆ ಹತ್ತುವ ಜಿಗುಟು ಬಹುತೇಕ ಜಿಗಿಹುಳು ಹೊರಹಾಕುವ ಸಿಹಿ ದ್ರವ, ಅದಕ್ಕೆ ಬೆಚ್ಚಗಿನ ನೀರೇ ಸಾಕು. ಮಾವಿನಕಾಯಿಯ ಸೊನೆ ಹಣ್ಣಿನ ಸಿಪ್ಪೆಯನ್ನೇ ಸುಡುವಂಥದ್ದು, ಅದನ್ನು ಅಂದೇ ತೊಳೆದುಬಿಡಿ. ಬೇರೆ ಮರಗಳ ಗಟ್ಟಿ ಅಂಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಬಹುದು, ಆದರೆ ಬಾಗಿಲಿನ ಒಳಅಂಚಿನಲ್ಲಿ ಮೊದಲು ಹಚ್ಚಿ ನೋಡಿ, ಮರುಬಣ್ಣವಾದ ಭಾಗಕ್ಕೆ ತಾಗಿಸಬೇಡಿ. ಬ್ಲೇಡು, ಪೆಟ್ರೋಲು, ಥಿನ್ನರ್ ಬೇಡವೇ ಬೇಡ. ಅಂಗಡಿಗೇ ಕೊಡುವುದಾದರೆ ಏನು ಹಾಕುತ್ತಾರೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಕೊಡುವ ಮುಂಚೆ ಫೋಟೋ ತೆಗೆಯಿರಿ, ಹಣ ಕೊಡುವ ಮುಂಚೆ ಕಾರನ್ನು ಬಿಸಿಲಿಗೆ ತರಿಸಿ ನೋಡಿ.

ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಅದು ತಿಳಿದ ಮೇಲೆ ಅಂಗಡಿಯಿಂದ ಬಂದ ಕೊನೆಯ ಉತ್ತರ: "ಬರ್ರಿ ಸರ್, ಅರ್ಧಾ ರೇಟಿನ್ಯಾಗ ಇನ್ನೊಮ್ಮೆ ಪಾಲಿಶ್ ಹೊಡದ ಕೊಡ್ತೀವಿ." ಉಳಿದಿರುವ ಪದರವನ್ನೂ ಉಜ್ಜಿ ತೆಗೆಯಲು ನಾನು ಹಣ ಕೊಡಬೇಕಂತೆ. ಬಾನೆಟ್ ಮತ್ತು ಫೆಂಡರ್ ಮರುಬಣ್ಣಕ್ಕೆ ಆ ಹಿರಿಯ ಪೇಂಟರ್ 14,000 ರೂಪಾಯಿ ಹೇಳಿದ್ದಾರೆ, ಮುಂದಿನ ವಾರ ಕಾರು ಬಿಡುತ್ತೇನೆ. ಟಾಪ್ ಮೇಲಿನ ಮಾಸಲು ಕಲೆಗಳನ್ನು ಹಾಗೆಯೇ ಬಿಡಲು ತೀರ್ಮಾನಿಸಿದ್ದೇನೆ, ಅಲ್ಲಿರುವುದು ಇನ್ನೂ ಕಾರ್ಖಾನೆಯ ಬಣ್ಣ.