ಭದ್ರತಾ ಮ್ಯಾನೇಜರ್: ಪಾಲಿಕೆ ಹುದ್ದೆಯೋ, ಏಜೆನ್ಸಿಯೋ?

82 ವಾರ್ಡ್‌ಗಳ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಭದ್ರತೆ ನೋಡಿಕೊಳ್ಳುವ ಮ್ಯಾನೇಜರ್ ಬೇಕು ಅಂದರೆ ಸಂಬಳ ಎಲ್ಲಿಂದ? ಖಾಸಗಿ ಸೆಕ್ಯುರಿಟಿ ಏಜೆನ್ಸಿ ಮೂಲಕ ತೆಗೆದುಕೊಳ್ಳುವ ದಾರಿ ಸಲೀಸು. ಟೆಂಡರ್ ಕರೆದರೆ ಆಯ್ತು, ಹೊಸ ಹುದ್ದೆಗೆ ಸರ್ಕಾರದ ಮಂಜೂರಾತಿ ಕಾಯಬೇಕಿಲ್ಲ. ಆದರೆ ರಾತ್ರಿ ಪಾರ್ಕಿನ ಗೇಟಲ್ಲಿ ಗಾರ್ಡ್ ಇದ್ದನೋ ಇಲ್ಲವೋ ಅಂತ ಹಾಜರಿ ಬರೆಯುವವರೂ, ತಿಂಗಳ ಕೊನೆಗೆ ಬಿಲ್ ಕಳಿಸುವವರೂ ಒಬ್ಬರೇ ಆದರೆ ಕೇಳೋರು ಯಾರು ಹೇಳಿ? ಪಾಲಿಕೆಯದೇ ಹುದ್ದೆಗೆ ಖರ್ಚು ಜಾಸ್ತಿ, ಅದೂ ವರ್ಷ ವರ್ಷ. ಹಣ ಆಸ್ತಿ ತೆರಿಗೆಯಂಥ ಸ್ವಂತ ಆದಾಯದಿಂದಲೇ ಬರಬೇಕು. ಕೇಂದ್ರದಿಂದ ಬರುವ 15ನೇ ಹಣಕಾಸು ಆಯೋಗದ (2021-26) ಅನುದಾನ ಸಂಬಳಕ್ಕಲ್ಲ, ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್‌ಗೇ ಮುಗಿಯಿತು. ಆದರೂ ನನ್ನ ಮತ ಪಾಲಿಕೆ ಹುದ್ದೆಗೇ. ಗಾರ್ಡ್‌ಗಳು ಏಜೆನ್ಸಿಯವರೇ ಇರಲಿ, ಬಿಲ್ ಪರಿಶೀಲಿಸೋರು ಪಾಲಿಕೆಯವರಾಗಿರಲಿ. ಮಂಜೂರಾತಿ ಬರುವ ತನಕ ಪೊಲೀಸ್ ಇಲಾಖೆಯಿಂದ ಒಬ್ಬ ಅಧಿಕಾರಿಯನ್ನು ನಿಯೋಜನೆ ಮೇಲೆ ಕೇಳಬಹುದು, ಅಲ್ವಾ?