ಬಾಗಿಲಿನ ಕ್ಯಾಬಿನೆಟ್, ಎರಡು ಕಂಬದ ರ್ಯಾಕ್, ಗಾಲಿ ರ್ಯಾಕ್: ಮೂರನ್ನೂ ಬಳಸಿದ ಮೇಲೆ

ಮನೆಯ ನೆಟ್‌ವರ್ಕ್ ಸಾಮಾನು, ಸರ್ವರ್ ಕೂರಿಸಲು ಮೂರು ಥರದ ರ್ಯಾಕ್, ಅಂದರೆ ಸ್ಟ್ಯಾಂಡ್, ಬಳಸಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ. ಮೂರರಲ್ಲಿ ನನಗೆ ಹಿಡಿಸಿದ್ದು ನಾಲ್ಕು ಕಂಬದ, ಬಾಗಿಲಿಲ್ಲದ, ಕೆಳಗೆ ಗಾಲಿ ಇರುವ ರ್ಯಾಕ್. ಅದನ್ನು ಜೋಡಿಸಲು ಹೋಗಿ ಎರಡು ಭಾನುವಾರ ಹಾಳು ಮಾಡಿಕೊಂಡೆ. ಅದರಲ್ಲಿ ಒಂದು ಭಾನುವಾರದ ತಪ್ಪು ಪೂರ್ತಿ ನನ್ನದೇ. ಆದರೂ ಈಗ ಮನೆಯಲ್ಲಿ ಬಳಕೆಯಲ್ಲಿರುವುದು ಅದೊಂದೇ.

ನನ್ನ ಹತ್ತಿರ ಇರುವ ಸಾಮಾನು ದೊಡ್ಡದೇನಲ್ಲ. 24 ಪೋರ್ಟಿನ ಒಂದು ಸ್ವಿಚ್ (ನೆಟ್‌ವರ್ಕ್ ಕೇಬಲ್‌ಗಳನ್ನು ಒಂದಕ್ಕೊಂದು ಸೇರಿಸುವ ಪೆಟ್ಟಿಗೆ), ಒಂದು ಪ್ಯಾಚ್ ಪ್ಯಾನೆಲ್ (ಗೋಡೆಯಿಂದ ಬರುವ ಕೇಬಲ್‌ಗಳು ಬಂದು ಸೇರುವ ಪಟ್ಟಿ), ರೂಟರ್, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರದ ಯುಪಿಎಸ್, ಯಾರೋ ಬಳಸಿ ಬಿಟ್ಟ 2ಯು ಸರ್ವರ್ (ಯು ಅಂದರೆ ರ್ಯಾಕಿನಲ್ಲಿ ಎತ್ತರದ ಅಳತೆ). ಇಷ್ಟನ್ನೂ ಮೇಜಿನ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದೆ. ಕೆಳಗಿನದನ್ನು ತೆಗೆಯಬೇಕಾದರೆ ಮೇಲಿನದೆಲ್ಲ ಇಳಿಸಬೇಕಿತ್ತು. ಒಂದು ದಿನ ಸಾಕಾಗಿ, ರ್ಯಾಕ್ ತರೋಣ ಅಂತ ಹೊರಟೆ.

ಮೊದಲು ತಂದದ್ದು ಬಾಗಿಲಿರುವ ಕ್ಯಾಬಿನೆಟ್. ಕಾರಣ ಕೇಳಿದರೆ ನಾಚಿಕೆ. ಮುಂದೆ ಗಾಜಿನ ಬಾಗಿಲು, ಒಳಗೆ ಮಿಣುಕುವ ದೀಪ, ನೋಡೋಕೆ ಚೆನ್ನಾಗಿತ್ತು. ಆಳ 600 ಮಿ.ಮೀ. ಎಂದು ಬರೆದಿತ್ತು. ಅದು ಹೊರಗಿನ ಅಳತೆ. ಸಾಮಾನು ಬಿಗಿಯುವ ಮುಂದಿನ ಪಟ್ಟಿ ಬಾಗಿಲಿನಿಂದ ಸ್ವಲ್ಪ ಒಳಗಿರುತ್ತದೆ, ಹಿಂದೆ ವೈರ್ ಬಗ್ಗಲು ಜಾಗ ಬೇಕು. ಇವೆರಡನ್ನು ಕಳೆದರೆ ಉಳಿಯುವುದು ಎಷ್ಟು ಅಂತ ಕೊಳ್ಳುವ ಮುಂಚೆ ಲೆಕ್ಕ ಹಾಕಿರಲಿಲ್ಲ. ನನ್ನ ಸರ್ವರ್ 700 ಮಿ.ಮೀ.ಗಿಂತ ಉದ್ದ. ಹಿಂದಿನ ತಗಡು ತೆಗೆದು, ಸರ್ವರಿನ ಬಾಲ ಹೊರಗೆ ಚಾಚಿಕೊಂಡಿರುವಂತೆ ಒಂದು ವಾರ ಇಟ್ಟೆ. ಆಮೇಲೆ ಬಿಸಿ ಜಾಸ್ತಿಯಾಯಿತು, ಗಾಜಿನ ಬಾಗಿಲು ಬಿಚ್ಚಿದೆ. ಕೈ ತೂರಲಿಲ್ಲ, ಪಕ್ಕದ ತಗಡುಗಳನ್ನೂ ಬಿಚ್ಚಿದೆ. ಎಲ್ಲ ಬಿಚ್ಚಿದ ಮೇಲೆ ಉಳಿದದ್ದು ಏನು? ಓಪನ್ ರ್ಯಾಕ್. ಕೊಟ್ಟಿದ್ದು ಮಾತ್ರ ಕ್ಯಾಬಿನೆಟ್ಟಿನ ದುಡ್ಡು.

ಎರಡು ಕಂಬದ ರ್ಯಾಕ್ ಸ್ನೇಹಿತರೊಬ್ಬರು ಆಫೀಸು ಖಾಲಿ ಮಾಡುವಾಗ ಪುಕ್ಕಟೆ ಸಿಕ್ಕಿತು. ಇದಕ್ಕೆ ರಿಲೇ ರ್ಯಾಕ್ ಅಂತಲೂ ಹೆಸರಿದೆ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ರಿಲೇಗಳನ್ನು ಇಂಥದಕ್ಕೇ ಕೂರಿಸುತ್ತಿದ್ದರು. ಪ್ಯಾಚ್ ಪ್ಯಾನೆಲ್, ಸ್ವಿಚ್ ಅಂಥ ಆಳ ಕಮ್ಮಿ ಇರುವ ಸಾಮಾನಿಗೆ ಇದನ್ನು ಮೀರಿಸಿದ್ದಿಲ್ಲ. ಹಿಂದೆ ಮುಂದೆ ಎಲ್ಲ ಬಯಲು. ಆದರೆ ನೆಲಕ್ಕೆ ಬೋಲ್ಟ್ ಹೊಡೆಯಲೇಬೇಕು, ಇಲ್ಲದಿದ್ದರೆ ನಿಂತಲ್ಲೇ ತೂಗುತ್ತದೆ. ನಾನಿರುವುದು ಬಾಡಿಗೆ ಮನೆ, ನೆಲಕ್ಕೆ ಡ್ರಿಲ್ ಹಾಕುವ ಮಾತೇ ಇಲ್ಲ. ಉದ್ದನೆಯ ಸರ್ವರನ್ನು ಮುಂದಿನ ಎರಡು ಕಿವಿಯಲ್ಲಿ (ಸ್ಕ್ರೂ ಹಾಕುವ ಅಂಚಿನಲ್ಲಿ) ನೇತುಹಾಕಿದರೆ ಕಿವಿ ಬಗ್ಗುವುದು ಖಂಡಿತ. ಇದರ ಕಥೆ ಇಷ್ಟೇ.

ಇನ್ನು ಗಾಲಿ ರ್ಯಾಕ್. ಡಬ್ಬಿ ಬಿಚ್ಚಿದಾಗ ಸಿಕ್ಕಿದ್ದು ನಾಲ್ಕು ಕಂಬ, ಮೇಲೊಂದು ಕೆಳಗೊಂದು ಚೌಕಟ್ಟು, ಆಳ ಹೆಚ್ಚು ಕಡಿಮೆ ಮಾಡುವ ಪಟ್ಟಿಗಳು, ನಾಲ್ಕು ಗಾಲಿ, ಒಂದು ಚೀಲ ಬೋಲ್ಟು. ಜೋಡಿಸುವ ಚಿತ್ರವಿದ್ದ ಹಾಳೆ ಅಂಗೈಯಷ್ಟಿತ್ತು. ಒಂದೂವರೆ ಗಂಟೆಯಲ್ಲಿ ನಿಲ್ಲಿಸಿದೆ. ಸ್ವಿಚ್ ಕೂತಿತು, ಪ್ಯಾಚ್ ಪ್ಯಾನೆಲ್ ಕೂತಿತು, ರೂಟರಿಗೆ ಒಂದು ಶೆಲ್ಫ್ ಹಾಕಿದೆ, ಯುಪಿಎಸ್‌ ಕೆಳಗಿನ ಚೌಕಟ್ಟಿನ ಮೇಲಿದ್ದ ಹಲಗೆಯಲ್ಲಿ ಕೂತಿತು. ಮೂರು ವಾರ ಆರಾಮಾಗಿದ್ದೆ. ಅಷ್ಟರಲ್ಲಿ ಸರ್ವರಿಗೆ ಬೇಕಾದ, ಡ್ರಾಯರಿನ ಹಾಗೆ ಎಳೆಯುವ ರೈಲು ಬಂತು.

ಬಲಗಡೆ ರೈಲು ಒಂದೇ ಸಲಕ್ಕೆ ಕೂತಿತು. ಎಡಗಡೆಯದೂ ಕೂತಿತು. ಸರ್ವರ್ ತೂರಿಸಿದರೆ ಅರ್ಧಕ್ಕೆ ಬಂದು ಕಚ್ಚಿಕೊಂಡಿತು. ಹೊರಗೂ ಬರದು, ಒಳಗೂ ಹೋಗದು. ಹೇಗೋ ಬಿಡಿಸಿ, ಎಡಗಡೆ ರೈಲಿನ ಮೇಲೆ ರಸಮಟ್ಟ ಇಟ್ಟು ನೋಡಿದೆ. ಹಿಂದಕ್ಕೆ ಇಳಿಜಾರು. ನೆಲ ಸರಿ ಇಲ್ಲ ಅಂದುಕೊಂಡೆ. ರ್ಯಾಕನ್ನು ತಳ್ಳಿ ಬೇರೆ ಕಡೆ ನಿಲ್ಲಿಸಿದೆ, ಇಳಿಜಾರೂ ಜೊತೆಗೇ ಬಂತು. ಗಾಲಿ ಸಡಿಲವಾಗಿರಬೇಕು ಅಂದುಕೊಂಡೆ. ಎಲ್ಲ ಬಿಗಿಯಾಗಿದ್ದವು. ಹಾಗಾದರೆ ರೈಲೇ ಡೊಂಕು, ಹಳೇ ಮಾಲು ಕೊಟ್ಟಿದ್ದಾರೆ ಅಂತ ಮಾರಿದವರನ್ನು ಮನಸ್ಸಲ್ಲೇ ಬೈದೆ. ರೈಲನ್ನು ಬಿಚ್ಚಿ ನೆಲದ ಮೇಲಿಟ್ಟರೆ ಗೆರೆ ಎಳೆದಷ್ಟು ನೇರ.

ರೈಲನ್ನು ಕಂಬದ ತಪ್ಪು ತೂತಿಗೆ ಹಾಕಿದ್ದೇನಾ ಅಂತ ಕೆಳಗಿನಿಂದ ಎಣಿಸಿದೆ. ಮುಂದೆ ಹದಿನಾರನೆಯದು, ಹಿಂದೆಯೂ ಹದಿನಾರನೆಯದು. ನಾಲ್ಕು ಸಲ ಎಣಿಸಿದೆ, ನಾಲ್ಕು ಸಲವೂ ಹದಿನಾರೇ. ಹಿಂದಿನ ತುದಿಯನ್ನು ಒಂದು ತೂತು ಮೇಲಕ್ಕೆ ಹಾಕಿ ನೋಡಿದೆ. ಈಗ ಇಳಿಜಾರು ಮುಂದಕ್ಕೆ, ಅದೂ ಮೊದಲಿಗಿಂತ ಜಾಸ್ತಿ.

ಇಲ್ಲಿ ತೂತಿನ ಲೆಕ್ಕ ಸ್ವಲ್ಪ ಹೇಳಬೇಕು. 19 ಇಂಚಿನ (ಸಾಮಾನಿನ ಮುಖದ ಅಗಲ) ರ್ಯಾಕಿನಲ್ಲಿ ಒಂದು ಯು ಅಂದರೆ 44.45 ಮಿ.ಮೀ. ಒಂದು ಯುವಿಗೆ ಮೂರು ತೂತು. ಅವುಗಳ ಅಂತರ ಸಮ ಅಲ್ಲ: 15.9, ಮತ್ತೆ 15.9, ಆಮೇಲೆ ಮುಂದಿನ ಯುವಿನ ಮೊದಲ ತೂತಿಗೆ 12.7. ಎರಡು ತೂತು ಹತ್ತಿರ ಹತ್ತಿರ ಇರುವ ಕಡೆ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಸಾಮಾನು ಕೂರಿಸುವಾಗ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಇದೇ ಗುರುತು. ಒಂದು ತೂತು ಮೇಲೆ ಹೋದರೆ ಕಮ್ಮಿ ಅಂದರೂ 12.7 ಮಿ.ಮೀ. ಏರುತ್ತದೆ. ನನಗೆ ಬೇಕಿದ್ದದ್ದು 6 ಮಿ.ಮೀ. ಮಾತ್ರ.

ಆ 6 ಮಿ.ಮೀ. ಎಲ್ಲಿಂದ ಬಂತು ಅಂತ ಗೊತ್ತಾಗಿದ್ದು ಟೇಪು ಹಿಡಿದಾಗ. ತೂತು ಎಣಿಸುವುದನ್ನು ಬಿಟ್ಟು, ಕೆಳಗಿನ ಚೌಕಟ್ಟಿನಿಂದ ಮೊದಲ ತೂತಿಗೆ ಎಷ್ಟು ಅಂತ ನಾಲ್ಕೂ ಕಂಬಕ್ಕೆ ಅಳೆದೆ. ಮೂರು ಕಂಬಕ್ಕೆ ಒಂದೇ ಅಳತೆ. ಹಿಂದಿನ ಎಡಗಂಬಕ್ಕೆ 6 ಮಿ.ಮೀ. ಕಡಿಮೆ. ಕಂಬವನ್ನು ತಲೆಕೆಳಗಾಗಿ ನಿಲ್ಲಿಸಿದ್ದೆ! ಮೇಲಿನ ತುದಿಯಲ್ಲಿ ಬಿಟ್ಟ ಜಾಗ, ಕೆಳಗಿನ ತುದಿಯಲ್ಲಿ ಬಿಟ್ಟ ಜಾಗ ಬೇರೆ ಬೇರೆ. ಆದರೆ ಚೌಕಟ್ಟಿಗೆ ಬಿಗಿಯುವ ಬೋಲ್ಟಿನ ತೂತು ಮಾತ್ರ ಎರಡೂ ತುದಿಯಲ್ಲಿ ಒಂದೇ ಥರ. ಹೀಗಾಗಿ ಹೇಗೆ ನಿಲ್ಲಿಸಿದರೂ ಕೂರುತ್ತದೆ, ತಪ್ಪು ಅಂತ ಯಾರೂ ಹೇಳುವುದಿಲ್ಲ. ಯು ನಂಬರು ಅಚ್ಚಾಗಿದ್ದದ್ದು ಮುಂದಿನ ಎರಡು ಕಂಬಕ್ಕೆ ಮಾತ್ರ. ಸ್ವಿಚ್, ಪ್ಯಾನೆಲ್, ಶೆಲ್ಫ್ ಎಲ್ಲ ಮುಂದಿನ ಕಂಬಕ್ಕೇ ಬಿಗಿಯುವಂಥವು. ಹಿಂದಿನ ಕಂಬಕ್ಕೆ ಮೂರು ವಾರ ಕೆಲಸವೇ ಇರಲಿಲ್ಲ, ಅದರ ಬಣ್ಣ ಬಯಲಾಗಲೂ ಇಲ್ಲ.

ಒಂದು ಕಂಬ ತಿರುಗಿಸುವುದು ಎಷ್ಟು ಹೊತ್ತಿನ ಕೆಲಸ ಅಂತ ಶುರು ಮಾಡಿದೆ. ಇಡೀ ರ್ಯಾಕ್ ಖಾಲಿ ಮಾಡಬೇಕಾಯಿತು. ಕಂಬ ಬಿಚ್ಚಿದೆ, ತಿರುಗಿಸಿದೆ, ವಾಪಸ್ ಹಾಕಲು ಹೋದರೆ ಬೋಲ್ಟು ತೂತಿಗೆ ಸಿಗುತ್ತಿಲ್ಲ. ಮೊದಲ ಸಲ ಜೋಡಿಸುವಾಗ ಒಂದೊಂದು ಬೋಲ್ಟನ್ನೂ ಹಾಕಿದ ಕೂಡಲೇ ಪೂರ್ತಿ ಬಿಗಿದಿದ್ದೆ. ಚೌಕಟ್ಟು ಡೊಂಕಾಗಿಯೇ ಗಟ್ಟಿಯಾಗಿತ್ತು. ಎಲ್ಲವನ್ನೂ ಸಡಿಲ ಮಾಡಿ, ಬೋಲ್ಟು ಕೈಯಲ್ಲಿ ತಿರುಗುವಷ್ಟು ಮಾತ್ರ ಹಾಕಿ, ಹಿಂಭಾಗದಲ್ಲಿ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದೆ. 4 ಮಿ.ಮೀ. ವ್ಯತ್ಯಾಸ. ಉದ್ದ ಬಂದ ಮೂಲೆಯನ್ನು ಅಂಗೈಯಿಂದ ಗುದ್ದಿ 1 ಮಿ.ಮೀ.ಗೆ ತಂದು, ಆಮೇಲೆ ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದೆ. ಸರ್ವರ್ ಒಂದೇ ಬೆರಳಿಗೆ ಒಳಗೆ ಹೋಯಿತು. ಮನೆಯವರು ಬಂದು ನೋಡಿ, "ಮೊದಲೂ ಹೀಗೇ ಇತ್ತಲ್ಲ" ಅಂದರು.

ಗಾಲಿಯ ವಿಷಯಕ್ಕೆ ಬರೋಣ. ಇದನ್ನು ಕೊಂಡದ್ದೇ ಗಾಲಿಗಾಗಿ. ಕ್ಯಾಬಿನೆಟ್ ಗೋಡೆಗೆ ಒರಗಿ ನಿಂತಿತ್ತು. ಹಿಂದೆ ಒಂದು ವೈರ್ ಬದಲಿಸಬೇಕಾದರೆ ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ತಡಕಾಡಬೇಕಿತ್ತು. ಈಗ ಬ್ರೇಕ್ ಬಿಟ್ಟು ಮುಂದಕ್ಕೆ ಎಳೆಯುತ್ತೇನೆ, ಹಿಂದೆ ಸ್ಟೂಲ್ ಹಾಕಿ ಕೂರುತ್ತೇನೆ. ನನ್ನಂಥ, ವಾರಕ್ಕೊಮ್ಮೆ ಏನಾದರೂ ಕೆದಕದಿದ್ದರೆ ಸಮಾಧಾನವಿಲ್ಲದವನಿಗೆ ಇದು ದೊಡ್ಡ ಸುಖ.

ಆದರೆ ವೈರ್ ಗಿಡ್ಡವಾದರೆ ಗಾಲಿ ಇದ್ದೂ ಇಲ್ಲದಂತೆ. ಮೊದಲ ಸಲ ಎಳೆದಾಗ ಗೋಡೆಯಿಂದ ಬರುವ ನೆಟ್‌ವರ್ಕ್ ಕೇಬಲ್ ತಂತಿಯ ಹಾಗೆ ಬಿಗಿಯಾಗಿ ನಿಂತಿತು. ಈಗ ಗೋಡೆಯಿಂದ ರ್ಯಾಕಿಗೆ ಬರುವ ಎಲ್ಲ ಕೇಬಲನ್ನೂ ಒಂದೂವರೆ ಮೀಟರ್ ಉದ್ದ ಬಿಟ್ಟು, ವೆಲ್ಕ್ರೋ ಪಟ್ಟಿಯಿಂದ ಒಂದೇ ಕಟ್ಟು ಮಾಡಿದ್ದೇನೆ. ಗೋಡೆಯ ಪ್ಲಗ್ಗಿಗೆ ಹೋಗುವುದು ಯುಪಿಎಸ್‌ನ ವೈರ್ ಒಂದೇ. ಉಳಿದದ್ದೆಲ್ಲ ರ್ಯಾಕಿನ ಜೊತೆಗೇ ಓಡಾಡುತ್ತದೆ.

ಗಾಲಿ ಆರಿಸುವಾಗ ಭಾರವನ್ನು ನಾಲ್ಕರಿಂದ ಅಲ್ಲ, ಮೂರರಿಂದ ಭಾಗಿಸಬೇಕು. ನೆಲ ಎಲ್ಲೂ ಪೂರ್ತಿ ಮಟ್ಟ ಇರುವುದಿಲ್ಲ. ಯಾವಾಗಲೂ ಒಂದು ಗಾಲಿ ಸುಮ್ನೆ ನೆಲ ಮುಟ್ಟಿಕೊಂಡಿರುತ್ತದೆ, ಭಾರ ಹೊರುವುದು ಉಳಿದ ಮೂರು. ನನ್ನದು ರ್ಯಾಕ್ ಸಮೇತ ಸುಮಾರು 90 ಕಿಲೋ. ಅಂದರೆ ಒಂದೊಂದು ಗಾಲಿಯೂ ಕನಿಷ್ಠ 30 ಕಿಲೋ ತಡೆಯಬೇಕು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ತೂಕ ನಿಂತಲ್ಲೇ ನಿಂತ ರ್ಯಾಕಿನದ್ದಾಗಿರಬಹುದು. ಉರುಳುವಾಗ ತಡೆಯುವ ಭಾರ ಅದಕ್ಕಿಂತ ಕಡಿಮೆ ಇರುತ್ತದೆ. ಹೊಸ್ತಿಲು ದಾಟಿಸುವುದಾದರೆ ಇನ್ನೂ ಹುಷಾರು.

ಬ್ರೇಕಿರುವ ಎರಡು ಗಾಲಿಯನ್ನು ಮುಂದೆ ಹಾಕಿ. ನಾನು ಹಿಂದೆ ಹಾಕಿದ್ದೆ, ಗೋಡೆ ಸಂದಿಯಲ್ಲಿ ಕಾಲು ತೂರದೆ ಒಂದು ತಿಂಗಳು ಬ್ರೇಕ್ ಹಾಕಲೇ ಇಲ್ಲ. ತಿಂಗಳಿಗೊಮ್ಮೆ ಗಾಲಿಯ ನಟ್ ಬಿಗಿದು ನೋಡುತ್ತೇನೆ, ಒಂದಾದರೂ ಸಡಿಲವಾಗಿರುತ್ತದೆ. ಸರ್ವರನ್ನು ರೈಲಿನ ಮೇಲೆ ಪೂರ್ತಿ ಹೊರಗೆಳೆದಾಗ ರ್ಯಾಕ್ ಮುಂದಕ್ಕೆ ವಾಲಲು ನೋಡುತ್ತದೆ. ಕೆಳಗೆ ಯುಪಿಎಸ್ ಇರುವುದರಿಂದ ಬಚಾವ್. ಭಾರದ್ದು ಯಾವಾಗಲೂ ಕೆಳಗೇ ಇರಲಿ. ತಳ್ಳುವಾಗ ಸರ್ವರ್ ಒಳಗಿರಲಿ.

ದೂಳು: ಕ್ಯಾಬಿನೆಟ್ಟಿಗಿಂತ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಬ್ರಷ್ ಹಿಡಿದು ಒರೆಸುತ್ತೇನೆ.

ಸದ್ದು: ಗಾಜಿನ ಬಾಗಿಲು ಹಾಕಿದ್ದಾಗಲೂ ಸರ್ವರಿನ ಫ್ಯಾನು ಪಕ್ಕದ ಕೋಣೆಗೆ ಕೇಳುತ್ತಿತ್ತು, ಈಗಲೂ ಕೇಳುತ್ತದೆ.

ಕೇಜ್ ನಟ್ (ಸ್ಪ್ರಿಂಗ್ ಕ್ಲಿಪ್ಪಿನ ಒಳಗಿರುವ ನಟ್): ಕಂಬದ ಚೌಕ ತೂತಿಗೆ ಇವನ್ನು ಸ್ಕ್ರೂ ಡ್ರೈವರಿನಿಂದ ಕೂರಿಸಲು ಹೋಗಿ ಹೆಬ್ಬೆರಳು ಕುಯ್ದುಕೊಂಡೆ. ಅದಕ್ಕೆಂದೇ ಒಂದು ಪುಟ್ಟ ಕೊಕ್ಕೆ ಸಿಗುತ್ತದೆ, ತೆಗೆದುಕೊಳ್ಳಿ.

ಅರ್ಥಿಂಗ್: ಕಂಬದ ಬಣ್ಣ ಕರೆಂಟ್ ಹರಿಯಲು ಬಿಡುವುದಿಲ್ಲ. ಬಣ್ಣ ಕೆರೆದುಹೋಗುವಂತೆ ಹಲ್ಲಿರುವ ವಾಷರ್ ಹಾಕಿ ಅರ್ತ್ ವೈರ್ ಬಿಗಿಯಬೇಕು.

ಮನೆಯಲ್ಲಿ ಅಂಬೆಗಾಲಿಡುವ ಮಗುವೋ ಬೆಕ್ಕೋ ಇದ್ದರೆ ನನ್ನ ಮಾತು ಕೇಳಬೇಡಿ, ಬೀಗ ಇರುವ ಕ್ಯಾಬಿನೆಟ್ಟೇ ತನ್ನಿ, ಆದರೆ ಆಳ ಅಳೆದು ತನ್ನಿ. ಸ್ವಂತ ಮನೆ, ಬರೀ ಪ್ಯಾಚ್ ಪ್ಯಾನೆಲ್ಲು ಸ್ವಿಚ್ಚು ಇದೆ, ಒಮ್ಮೆ ಹಾಕಿದರೆ ವರ್ಷಗಟ್ಟಲೆ ಮುಟ್ಟುವುದಿಲ್ಲ ಅಂದರೆ ಎರಡು ಕಂಬದ್ದು ಸಾಕು. ನನಗೆ ಇವೆರಡೂ ಆಗಿಬರಲಿಲ್ಲ. ಗಾಲಿ ರ್ಯಾಕಿಗೆ ನಾನು ಕೊಟ್ಟದ್ದು ಕ್ಯಾಬಿನೆಟ್ಟಿನ ಅರ್ಧದಷ್ಟು. ಮನೆ ಬದಲಿಸುವಾಗ ಬಿಚ್ಚಿ ಕಟ್ಟಿದರೆ ಒಬ್ಬನೇ ಹೊತ್ತುಕೊಂಡು ಹೋಗಬಹುದು.

ಆ ದಿನಕ್ಕೆ ಅಂತ ನಾಲ್ಕೂ ಕಂಬದ ಮೇಲೆ ಮಾರ್ಕರಿನಲ್ಲಿ ಮೇಲ್ಮುಖ ಬಾಣ ಬರೆದಿಟ್ಟಿದ್ದೇನೆ. ಹಿಂದಿನ ಎಡಗಂಬಕ್ಕೆ ಎರಡು ಬಾಣ.